ಕಿಡ್ನಿ ಕ್ಯಾನ್ಸರ್ ಮರಳುವ ಸುಳಿವು ರಕ್ತದಲ್ಲಿ ಸಿಗುತ್ತದೆಯೇ?

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು. ಕಿಡ್ನಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದೆ, ಗಡ್ಡೆಯನ್ನು ಪೂರ್ತಿಯಾಗಿ ತೆಗೆದಿದ್ದೇವೆ ಎಂದು ವೈದ್ಯರು ಹೇಳಿದ್ದಾರೆ, ಆದರೂ ಅದು ಮರಳಿ ಬರುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಸುವ ಪರೀಕ್ಷೆ ಯಾವುದಾದರೂ ಇದೆಯೇ ಎಂಬುದು ಆ ಪತ್ರಗಳ ಸಾರ. ಅವುಗಳಲ್ಲಿ ಐದನ್ನು ಆಯ್ದು, ಬರೆದವರ ಗುರುತನ್ನು ಬಿಟ್ಟು, ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಎಂಟು ತಿಂಗಳ ಹಿಂದೆ ಬಲಗಡೆಯ ಕಿಡ್ನಿಯನ್ನು ತೆಗೆದರು. ಗಡ್ಡೆ 8 ಸೆಂಟಿಮೀಟರ್ ಇತ್ತು. ವರದಿಯಲ್ಲಿ ಕ್ಲಿಯರ್ ಸೆಲ್, ಗ್ರೇಡ್ 3, ಪಿಟಿ3ಎ ಎಂದಿದೆ. ಲಿಂಫ್ ಗ್ರಂಥಿಗಳಿಗೆ ಹರಡಿರಲಿಲ್ಲವಂತೆ. ಪ್ರತಿ ತಿಂಗಳೂ ಕ್ರಿಯಾಟಿನಿನ್ ಮಾಡಿಸುತ್ತಿದ್ದೇನೆ, 1.3ರ ಆಸುಪಾಸಿನಲ್ಲೇ ಇದೆ. ಹಾಗಾದರೆ ಕ್ಯಾನ್ಸರ್ ಮರಳಿಲ್ಲ ಎಂದು ತಿಳಿಯಬಹುದೇ? ಇದಕ್ಕಿಂತ ಖಚಿತವಾದ ರಕ್ತಪರೀಕ್ಷೆ ಇದೆಯೇ?

ಉತ್ತರ: ಮೊದಲು ಕ್ರಿಯಾಟಿನಿನ್ ವಿಷಯವನ್ನು ಮುಗಿಸೋಣ. ಅದು ಉಳಿದಿರುವ ನಿಮ್ಮ ಎಡಗಡೆಯ ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಕ್ಯಾನ್ಸರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಶ್ವಾಸಕೋಶದಲ್ಲಿ ಗಡ್ಡೆ ಬೆಳೆಯುತ್ತಿದ್ದರೂ ಕ್ರಿಯಾಟಿನಿನ್ ಹಾಗೆಯೇ ಇರಬಹುದು. ಕ್ಯಾನ್ಸರಿನ ಸುಳಿವೇ ಇಲ್ಲದೆ, ಬರಿಯ ನಿರ್ಜಲೀಕರಣದಿಂದ ಅಥವಾ ನೋವಿನ ಮಾತ್ರೆಯಿಂದ ಅದು ಏರಲೂಬಹುದು. ಒಂದೇ ಕಿಡ್ನಿಯಲ್ಲಿ ಬದುಕುವವರು ಅದನ್ನು ಆಗಾಗ ನೋಡಿಕೊಳ್ಳುವುದು ಸರಿಯಾದ ಅಭ್ಯಾಸ, ಆದರೆ ನೀವು ಅದರಿಂದ ಬೇರೊಂದು ಪ್ರಶ್ನೆಗೆ ಉತ್ತರ ಪಡೆಯಲು ಹೊರಟಿದ್ದೀರಿ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಪಿಎಸ್‌ಎ ಇರುವಂತೆ ಕಿಡ್ನಿ ಕ್ಯಾನ್ಸರಿಗೆ ದಿನನಿತ್ಯದ ಬಳಕೆಯಲ್ಲಿರುವ, ಎಲ್ಲರೂ ಒಪ್ಪಿದ ರಕ್ತಪರೀಕ್ಷೆ ಇನ್ನೂ ಇಲ್ಲ. ಆದರೆ ಬಯೋಮಾರ್ಕರ್, ಅಂದರೆ ಜೈವಿಕ ಸೂಚಕ, ರಕ್ತದಲ್ಲೇ ಇರಬೇಕೆಂದೇನೂ ಇಲ್ಲ. ರೋಗದ ಮುಂದಿನ ನಡೆಯನ್ನು ಅಳೆಯಲು ನೆರವಾಗುವ, ದೇಹದಿಂದ ಸಿಗುವ ಯಾವುದೇ ಗುರುತು ಸೂಚಕವೇ. ಆ ಅರ್ಥದಲ್ಲಿ ಈ ಹೊತ್ತಿಗೆ ಅತ್ಯಂತ ಹೆಚ್ಚು ಪರೀಕ್ಷೆಗೊಳಗಾಗಿ ನಿಂತಿರುವ ಸೂಚಕಗಳು ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಪೆಥಾಲಜಿ ವರದಿಯಲ್ಲಿ, ಅಂದರೆ ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಬರೆದ ವರದಿಯಲ್ಲಿ ಇವೆ. ನನ್ನ ಬಳಿ ಬರುವ ಹೆಚ್ಚಿನವರು ಆ ವರದಿಯ ಕೊನೆಯ ಸಾಲನ್ನಷ್ಟೇ ಓದಿ ಕಡತದಲ್ಲಿಟ್ಟಿರುತ್ತಾರೆ. ಇವತ್ತು ಅದನ್ನು ಹೊರತೆಗೆದು ಪೂರ್ತಿ ಓದಿ.

ನೀವು ಬರೆದ ವಿವರಗಳನ್ನೇ ತೆಗೆದುಕೊಂಡು ನೋಡೋಣ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2003ರಲ್ಲಿ ಪ್ರಕಟಿಸಿದ ಲೀಬೊವಿಚ್ ಅಂಕಪದ್ಧತಿ, ಕಿಡ್ನಿ ಕ್ಯಾನ್ಸರಿನ ಅತಿ ಸಾಮಾನ್ಯ ವಿಧವಾದ ಕ್ಲಿಯರ್ ಸೆಲ್‌ಗೆ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಪಿಟಿ3 ಹಂತಕ್ಕೆ, ಅಂದರೆ ಗಡ್ಡೆ ಕಿಡ್ನಿಯ ಸುತ್ತಲಿನ ಕೊಬ್ಬಿಗೋ ರಕ್ತನಾಳಕ್ಕೋ ಚಾಚಿರುವ ಹಂತಕ್ಕೆ, 4 ಅಂಕ. ಲಿಂಫ್ ಗ್ರಂಥಿಗಳಿಗೆ ಹರಡಿಲ್ಲದಿದ್ದರೆ ಸೊನ್ನೆ. ಗಡ್ಡೆ 10 ಸೆಂಟಿಮೀಟರಿಗಿಂತ ಚಿಕ್ಕದಾದ್ದರಿಂದ ಸೊನ್ನೆ. ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆಂದು ಹೇಳುವ ಗ್ರೇಡ್ 3 ಆದ್ದರಿಂದ 1 ಅಂಕ. ಇಲ್ಲಿಗೆ 5 ಆಯಿತು. ಉಳಿದಿರುವುದು ನೀವು ಪತ್ರದಲ್ಲಿ ಬರೆಯದೆ ಬಿಟ್ಟಿರುವ ಒಂದು ಪದ: ನೆಕ್ರೋಸಿಸ್. ಗಡ್ಡೆ ತನ್ನ ರಕ್ತಪೂರೈಕೆಯನ್ನು ಮೀರಿ ಬೆಳೆದಾಗ ಅದರೊಳಗಿನ ಜೀವಕೋಶಗಳ ಗುಂಪು ಸತ್ತುಹೋಗಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದು ಕಾಣುತ್ತದೆ. ಅದು ಇದ್ದರೆ ಇನ್ನೊಂದು ಅಂಕ. 3ರಿಂದ 5 ಅಂಕದವರನ್ನು ಮಧ್ಯಮ ಅಪಾಯದವರೆಂದೂ 6 ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಹೆಚ್ಚಿನ ಅಪಾಯದವರೆಂದೂ ಎಣಿಸುವುದರಿಂದ, ವರದಿಯ ಮಧ್ಯದಲ್ಲೆಲ್ಲೋ ಇರುವ ಆ ಒಂದು ಪದ ನಿಮ್ಮನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಆ ಗುಂಪುಗಳ ನಡುವಿನ ಅಂತರ ಸಣ್ಣದಲ್ಲ. ಮೂಲ ಅಧ್ಯಯನದಲ್ಲಿ ಐದು ವರ್ಷ ಕಳೆದಾಗ ದೇಹದ ಬೇರೆಡೆಗೆ ಕ್ಯಾನ್ಸರ್ ಹರಡದೆ ಉಳಿದವರು ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ ಸುಮಾರು 97, ಮಧ್ಯಮದಲ್ಲಿ ಸುಮಾರು 74, ಹೆಚ್ಚಿನದರಲ್ಲಿ ಸುಮಾರು 31. ಕೊನೆಯ ಅಂಕಿಯನ್ನು ಓದಿ ಎದೆಗುಂದುವ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು. ಆ ರೋಗಿಗಳಿಗೆ ಶಸ್ತ್ರಚಿಕಿತ್ಸೆಯಾದದ್ದು 1970ರಿಂದ 2000ದ ನಡುವೆ, ಇಂದಿನ ಸ್ಕ್ಯಾನುಗಳೂ ಔಷಧಿಗಳೂ ಇಲ್ಲದ ಕಾಲದಲ್ಲಿ. ಜೊತೆಗೆ, 5 ಮತ್ತು 6ರ ನಡುವಿನ ಗೆರೆಯನ್ನು ಎಳೆದದ್ದು ಲೆಕ್ಕದ ಅನುಕೂಲಕ್ಕಾಗಿ. 5 ಅಂಕದವರು ಮಧ್ಯಮ ಗುಂಪಿನ ಮೇಲ್ತುದಿಯಲ್ಲಿಯೂ 6 ಅಂಕದವರು ಹೆಚ್ಚಿನ ಅಪಾಯದ ಗುಂಪಿನ ಕೆಳತುದಿಯಲ್ಲಿಯೂ ಇರುತ್ತಾರೆ, ಅಂದರೆ ಅವರಿಬ್ಬರೂ ನೆರೆಹೊರೆಯವರೇ. ಅಂಕ ಹೇಳುವುದು ನಿಮ್ಮಂಥ ನೂರು ಜನರ ಕತೆಯನ್ನು, ಆ ನೂರರಲ್ಲಿ ನೀವು ಯಾರು ಎಂಬುದನ್ನು ಅದು ಹೇಳಲಾರದು. ಹೊಸ ಸೂಚಕಗಳಿಗಾಗಿ ಇಷ್ಟೊಂದು ಹುಡುಕಾಟ ನಡೆದಿರುವುದು ಆ ಕೊರತೆಯನ್ನು ತುಂಬಲಿಕ್ಕಾಗಿಯೇ.

ನೀವು ಮಾಡಬೇಕಾದದ್ದು ಇಷ್ಟು: ವರದಿಯಲ್ಲಿ ನೆಕ್ರೋಸಿಸ್ ಇದೆಯೇ, ಸಾರ್ಕಮಟಾಯ್ಡ್ ಎಂಬ ಉಗ್ರ ಬದಲಾವಣೆಯ ಉಲ್ಲೇಖವಿದೆಯೇ, ಕತ್ತರಿಸಿದ ಅಂಚು ಸ್ವಚ್ಛವಾಗಿದೆಯೇ ಎಂದು ನೋಡಿಕೊಂಡು ನಿಮ್ಮ ವೈದ್ಯರ ಮುಂದಿಡಿ. ಎದೆ ಮತ್ತು ಹೊಟ್ಟೆಯ ಸ್ಕ್ಯಾನ್ ಎಷ್ಟು ತಿಂಗಳಿಗೊಮ್ಮೆ ಬೇಕೆಂಬುದು ಆ ಉತ್ತರಗಳ ಮೇಲೆ ನಿಲ್ಲುತ್ತದೆ. ಎದೆಯ ಸ್ಕ್ಯಾನ್ ಯಾಕೆಂದು ಹಲವರು ಕೇಳುತ್ತಾರೆ. ಕಿಡ್ನಿ ಕ್ಯಾನ್ಸರ್ ಮರಳುವಾಗ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಶ್ವಾಸಕೋಶದಲ್ಲಿ.

ಪ್ರಶ್ನೆ: ನನ್ನ ತಾಯಿಗೆ ಕಿಡ್ನಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಯಿತು. ಕಿಮ್-1 ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆದರೆ ಕ್ಯಾನ್ಸರ್ ಮರಳುವುದು ಮೊದಲೇ ಗೊತ್ತಾಗುತ್ತದೆಂದು ಓದಿದೆ. ಇದು ನಿಜವೇ? ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ನೀವು ಓದಿದ್ದರಲ್ಲಿ ಹುರುಳಿದೆ, ಮತ್ತು ನಿಮ್ಮ ಪತ್ರದ ಕೊನೆಯ ವಾಕ್ಯವೇ ಅದರ ಮಿತಿಯನ್ನೂ ತೋರಿಸುತ್ತದೆ.

ಕಿಡ್ನಿಯಲ್ಲಿ ರಕ್ತ ಸೋಸಿ ಬಂದ ದ್ರವ ಮೊದಲು ಹರಿಯುವ ಸಣ್ಣ ನಳಿಕೆಗಳ ಗೋಡೆಯಲ್ಲಿರುವ ಜೀವಕೋಶಗಳು ಪೆಟ್ಟು ತಿಂದಾಗ ತಮ್ಮ ಮೈಮೇಲೆ ಈ ಪ್ರೋಟೀನನ್ನು ಹೊತ್ತುಕೊಳ್ಳುತ್ತವೆ. ಆರೋಗ್ಯವಾಗಿರುವ ಕಿಡ್ನಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೆಸರೇ ಕಿಡ್ನಿ ಇಂಜುರಿ ಮಾಲಿಕ್ಯೂಲ್, ಅಂದರೆ ಕಿಡ್ನಿಗೆ ಆದ ಗಾಯವನ್ನು ತೋರಿಸುವ ಅಣು. ಕಿಡ್ನಿ ಕ್ಯಾನ್ಸರಿನ ಮುಕ್ಕಾಲು ಪಾಲಾಗಿರುವ ಕ್ಲಿಯರ್ ಸೆಲ್ ಬಗೆಯೂ ಅದರ ನಂತರದ ಪ್ಯಾಪಿಲರಿ ಬಗೆಯೂ ಇದೇ ನಳಿಕೆಗಳ ಜೀವಕೋಶಗಳಿಂದ ಹುಟ್ಟುವುದರಿಂದ ಆ ಗಡ್ಡೆಗಳೂ ಇದನ್ನು ಧಾರಾಳವಾಗಿ ತಯಾರಿಸುತ್ತವೆ. ಪ್ರೋಟೀನಿನ ಹೊರಭಾಗವನ್ನು ಕಿಣ್ವಗಳು ಕತ್ತರಿಸಿದಾಗ ಆ ತುಂಡು ಮೂತ್ರಕ್ಕೂ ರಕ್ತಕ್ಕೂ ಸೇರುತ್ತದೆ, ಪರೀಕ್ಷೆಯಲ್ಲಿ ಅಳೆಯುವುದು ಅದನ್ನೇ. ಗಡ್ಡೆಯನ್ನು ತೆಗೆದ ಮೇಲೆ ಮಟ್ಟ ಇಳಿಯಬೇಕು. ಇಳಿಯದಿದ್ದರೆ, ಸ್ಕ್ಯಾನಿಗೆ ಕಾಣದಷ್ಟು ಸೂಕ್ಷ್ಮವಾದ ಕ್ಯಾನ್ಸರ್ ಕಣಗಳು ಎಲ್ಲೋ ಉಳಿದಿವೆಯೇ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ.

ಈ ಅನುಮಾನ ಬರಿಯ ತರ್ಕವಲ್ಲ. ಶಸ್ತ್ರಚಿಕಿತ್ಸೆಯ ನಂತರ ಮಾತ್ರೆಗಳನ್ನು ಕೊಟ್ಟು ನೋಡಿದ ಅಶ್ಯೂರ್ ಎಂಬ ದೊಡ್ಡ ಪ್ರಯೋಗದ ರೋಗಿಗಳ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ, ಕಿಮ್-1 ಹೆಚ್ಚಾಗಿದ್ದವರಲ್ಲಿ ಕ್ಯಾನ್ಸರ್ ಮರಳಿದ್ದೂ ಹೆಚ್ಚಾಗಿತ್ತು. ಇನ್ನೂ ಕುತೂಹಲಕರವಾದದ್ದು ಅಟಿಜೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಹೂಡುವ ಔಷಧಿ) ಇಮ್‌ಮೋಷನ್010 ಪ್ರಯೋಗ. 2022ರಲ್ಲಿ ಬಂದ ಅದರ ಫಲಿತಾಂಶ ಒಟ್ಟಾರೆ ನಿರಾಶೆಯದು, ಔಷಧಿಯಿಂದ ಪ್ರಯೋಜನ ಕಾಣಲಿಲ್ಲ. ಆದರೆ ಆರಂಭದಲ್ಲೇ ಕಿಮ್-1 ಹೆಚ್ಚಿದ್ದವರನ್ನು ಮಾತ್ರ ಬೇರೆಯಾಗಿ ನೋಡಿದಾಗ, ಔಷಧಿ ಪಡೆದವರಲ್ಲಿ ಕ್ಯಾನ್ಸರ್ ಮರಳುವುದು ಕಡಿಮೆಯಾದಂತೆ ತೋರಿತು. ಪ್ರಯೋಗ ಮುಗಿದ ಮೇಲೆ ಹಿಂದಿರುಗಿ ಅಂಕಿಗಳನ್ನು ಬಗೆದು ನೋಡಿದಾಗ ಸಿಕ್ಕ ಫಲ ಇದಾದ್ದರಿಂದ, ಇದನ್ನೇ ಗುರಿಯಾಗಿಟ್ಟುಕೊಂಡು ಮೊದಲಿನಿಂದ ನಡೆಸುವ ಪ್ರಯೋಗದಲ್ಲಿ ಅದು ಮತ್ತೊಮ್ಮೆ ಸಾಬೀತಾಗುವ ತನಕ ಚಿಕಿತ್ಸೆಯ ತೀರ್ಮಾನವನ್ನು ಅದರ ಮೇಲೆ ನಿಲ್ಲಿಸುವಂತಿಲ್ಲ. ಆದರೂ ನನ್ನನ್ನು ಕೇಳಿದರೆ, ಈ ರೋಗದಲ್ಲಿ ಮುಂದೆ ಚಿಕಿತ್ಸೆಯ ಕೋಣೆಯೊಳಕ್ಕೆ ಮೊದಲು ಕಾಲಿಡುವ ರಕ್ತದ ಸೂಚಕ ಇದೇ ಆಗಬಹುದೆಂದು ಹೇಳುತ್ತೇನೆ.

ಇನ್ನು ನಿಮ್ಮ ತಾಯಿಯವರ ವಿಷಯ. ಕಿಮ್-1 ಕ್ಯಾನ್ಸರಿಗೆ ಮಾತ್ರ ಮೀಸಲಾದ ಗುರುತಲ್ಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಆಗುವ ಹಾನಿಯಲ್ಲಿ, ಕೆಲವು ಔಷಧಿಗಳಿಂದ ಆಗುವ ಪೆಟ್ಟಿನಲ್ಲಿ, ತೀವ್ರ ಸೋಂಕಿನಲ್ಲಿ ಕೂಡ ಅದು ಏರುತ್ತದೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಉಳಿದ ಒಂದೇ ಕಿಡ್ನಿ ಎರಡರ ಕೆಲಸಕ್ಕೆ ಒಗ್ಗಿಕೊಳ್ಳುತ್ತಿರುವಾಗ ಸಕ್ಕರೆ ಕಾಯಿಲೆಯೂ ಇದ್ದರೆ, ಏರಿದ ಮಟ್ಟದ ಹಿಂದೆ ಗಡ್ಡೆಯಿದೆಯೋ ಗಾಯಗೊಂಡ ನಳಿಕೆಯಿದೆಯೋ ಎಂದು ಆ ಒಂದು ಸಂಖ್ಯೆಯನ್ನು ನೋಡಿ ಹೇಳಲಾಗದು. ಎಷ್ಟಿದ್ದರೆ ಹೆಚ್ಚು ಎಂಬುದಕ್ಕೆ ಎಲ್ಲ ಪ್ರಯೋಗಾಲಯಗಳೂ ಒಪ್ಪಿದ ಗೆರೆಯಿಲ್ಲ. ಈಗಲೇ ಎಲ್ಲಿಯಾದರೂ ಮಾಡಿಸಿ ತಂದರೆ, ಆ ಕಾಗದ ನಿಮ್ಮ ಮನೆಯಲ್ಲಿ ನಿದ್ದೆಗೆಡಿಸುವುದಕ್ಕಷ್ಟೇ ಉಪಯೋಗಕ್ಕೆ ಬಂದೀತು. ನಿಮ್ಮ ತಾಯಿಯವರ ಆಸ್ಪತ್ರೆಯಲ್ಲಿ ಇದರ ಬಗ್ಗೆ ಸಂಶೋಧನೆ ನಡೆಯುತ್ತಿದ್ದು, ರಕ್ತದ ಮಾದರಿ ಕೊಡಲು ಕೇಳಿದರೆ ಅದು ಬೇರೆ ಮಾತು, ಒಪ್ಪಿಕೊಳ್ಳಬಹುದು.

ಪ್ರಶ್ನೆ: ನನ್ನ ಅಣ್ಣನಿಗೆ ಕರುಳಿನ ಕ್ಯಾನ್ಸರ್ ಆಗಿದ್ದಾಗ ಸಿಟಿ-ಡಿಎನ್‌ಎ ಪರೀಕ್ಷೆಯಿಂದ ತುಂಬ ಅನುಕೂಲವಾಯಿತು. ಅದನ್ನು ನೋಡಿ ಕಿಡ್ನಿ ಕ್ಯಾನ್ಸರಾಗಿರುವ ನನ್ನ ಯಜಮಾನರಿಗೂ ಅದನ್ನೇ ಮಾಡಿಸಿದೆವು. ನೆಗೆಟಿವ್ ಬಂದಿದೆ. ಇನ್ನು ಸಿಟಿ ಸ್ಕ್ಯಾನ್ ಬೇಡವೇ?

ಉತ್ತರ: ಬೇಕು. ಮೊದಲಿಗೆ ಹೆಸರಿನ ಗೊಂದಲ: ಈ ಪರೀಕ್ಷೆಯ ಸಿಟಿಗೂ ಸ್ಕ್ಯಾನಿನ ಸಿಟಿಗೂ ಸಂಬಂಧವಿಲ್ಲ. ಗಡ್ಡೆಯ ಜೀವಕೋಶಗಳು ಸಾಯುವಾಗ ರಕ್ತಕ್ಕೆ ಬಿಡುವ ಡಿಎನ್‌ಎ ಚೂರುಗಳನ್ನು ಹುಡುಕುವ ಪರೀಕ್ಷೆ ಇದು. ಕರುಳಿನ ಗಡ್ಡೆಗಳು ಇಂಥ ಚೂರುಗಳನ್ನು ಸಾಕಷ್ಟು ಬಿಡುತ್ತವೆ. ಕಿಡ್ನಿಯ ಗಡ್ಡೆಗಳು ಈ ವಿಷಯದಲ್ಲಿ ಜಿಪುಣರು. ರೋಗ ಹರಡಿರುವವರ ರಕ್ತದಲ್ಲಿಯೂ ಎಷ್ಟೋ ಸಲ ಚೂರುಗಳು ಸಿಗುವುದಿಲ್ಲ. ಹಾಗಾಗಿ ಪಾಸಿಟಿವ್ ಬಂದರೆ ಅದಕ್ಕೆ ಬೆಲೆಯಿದೆ, ನೆಗೆಟಿವ್ ಬಂದರೆ ಅದರ ಮೇಲೆ ಭಾರ ಹಾಕಿ ನಿಲ್ಲಲಾಗದು. ಡಿಎನ್‌ಎಯಲ್ಲಿನ ತಪ್ಪಕ್ಷರಗಳನ್ನು ಹುಡುಕುವ ಬದಲು ಅದರ ಮೇಲಿರುವ ಮೀಥೈಲ್ ಗುರುತುಗಳ ವಿನ್ಯಾಸವನ್ನು ಓದುವ ವಿಧಾನಗಳು ಕಿಡ್ನಿ ಕ್ಯಾನ್ಸರಿನಲ್ಲಿ ಹೆಚ್ಚು ಚುರುಕಾಗಿರುವಂತೆ ಕಾಣುತ್ತಿವೆ, ಆದರೆ ಅವು ಇನ್ನೂ ಸಂಶೋಧನೆಯ ಹಂತದಲ್ಲಿವೆ. ನಿಮ್ಮ ಯಜಮಾನರ ಸ್ಕ್ಯಾನಿನ ದಿನಾಂಕವನ್ನು ಮುಂದೂಡಬೇಡಿ.

ಪ್ರಶ್ನೆ: ಐದು ವಾರಗಳ ಹಿಂದೆ ನನ್ನ ಎಡ ಕಿಡ್ನಿಯನ್ನು ತೆಗೆದಿದ್ದಾರೆ. ಗಡ್ಡೆ ಕಿಡ್ನಿಯ ರಕ್ತನಾಳದೊಳಕ್ಕೆ ಇಳಿದಿತ್ತಂತೆ. ಒಂದು ವರ್ಷ ಇಮ್ಯುನೊಥೆರಪಿ ಕೊಡಬಹುದು, ಯೋಚಿಸಿ ಹೇಳಿ ಎಂದಿದ್ದಾರೆ. ಅಡ್ಡಪರಿಣಾಮಗಳ ಭಯವಿದೆ. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ, ಅಪಾಯ ಇದ್ದರೆ ಮಾತ್ರ ಔಷಧಿ ತೆಗೆದುಕೊಳ್ಳಬಹುದಲ್ಲವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ, ವೈದ್ಯರೂ ಅವನ್ನು ಕೆಲವೊಮ್ಮೆ ಕಲಸಿಬಿಡುತ್ತಾರೆ. ನನ್ನ ಕ್ಯಾನ್ಸರ್ ಮರಳುವ ಸಂಭವ ಎಷ್ಟು ಎಂಬುದು ಒಂದು. ಈ ಔಷಧಿಯಿಂದ ನನಗೆ ಉಪಯೋಗವಾದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರಿಸುವ ಸೂಚಕ ಎರಡನೆಯದಕ್ಕೆ ಉತ್ತರಿಸಬೇಕೆಂದಿಲ್ಲ: ಮರಳುವ ಅಪಾಯ ಬಹಳವಿದ್ದೂ ಔಷಧಿಗೆ ಜಗ್ಗದ ಗಡ್ಡೆಗಳಿವೆ.

ಔಷಧಿಯ ಲೆಕ್ಕವನ್ನು ಬಿಡಿಸಿ ನೋಡೋಣ. ಪೆಂಬ್ರೊಲಿಜುಮ್ಯಾಬ್ ಔಷಧಿಯನ್ನು ಶಸ್ತ್ರಚಿಕಿತ್ಸೆಯ ನಂತರ ಮೂರು ವಾರಕ್ಕೊಮ್ಮೆ ಸುಮಾರು ಒಂದು ವರ್ಷ ಕೊಟ್ಟು ನೋಡಿದ ಕೀನೋಟ್-564 ಪ್ರಯೋಗದಲ್ಲಿ 994 ಜನರಿದ್ದರು. ನಿಮ್ಮಂತೆ ರಕ್ತನಾಳಕ್ಕೆ ಗಡ್ಡೆ ಇಳಿದವರೂ ಅದರಲ್ಲಿ ಸೇರಿದ್ದರು. 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನಾಲ್ಕು ವರ್ಷಗಳ ಕೊನೆಗೆ ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 91 ಜನ, ಪಡೆಯದವರಲ್ಲಿ ಸುಮಾರು 86 ಜನ ಬದುಕಿದ್ದರು. ಇದು ದೊಡ್ಡ ಗೆಲುವು. ಈ ರೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಔಷಧಿಯೊಂದು ಆಯುಷ್ಯವನ್ನು ಹೆಚ್ಚಿಸಿದ್ದು ಇದೇ ಮೊದಲು. ಆದರೆ ಅದೇ ಅಂಕಿಗಳನ್ನು ಇನ್ನೊಂದು ಬದಿಯಿಂದ ಓದಿದರೆ, ಆ ನೂರರಲ್ಲಿ 86 ಮಂದಿ ಔಷಧಿಯಿಲ್ಲದೆಯೂ ನಾಲ್ಕು ವರ್ಷ ಬದುಕುತ್ತಿದ್ದರು, 9 ಮಂದಿಯನ್ನು ಔಷಧಿ ಉಳಿಸಲಿಲ್ಲ, ನಡುವಿನ 5 ಮಂದಿಗೆ ಅದು ಜೀವ ಉಳಿಸಿತು. ಔಷಧಿಯಿಂದಲೇ ಉಂಟಾದ ತೀವ್ರ ಅಡ್ಡಪರಿಣಾಮಗಳು ಐವರಲ್ಲಿ ಸುಮಾರು ಒಬ್ಬರಿಗೆ ಆದವು. ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿ ಕೆಟ್ಟು ಬದುಕಿಡೀ ಮಾತ್ರೆ ನುಂಗಬೇಕಾದ ಸಂದರ್ಭಗಳೂ ಇವೆ. ಆ 5 ಮಂದಿ ಯಾರೆಂದು ಮೊದಲೇ ತೋರಿಸುವ ಸೂಚಕ ಸಿಕ್ಕರೆ ಉಳಿದವರು ಈ ಕಷ್ಟದಿಂದ ಪಾರಾಗುತ್ತಿದ್ದರು. ಅಂಥದ್ದು ಇನ್ನೂ ಸಿಕ್ಕಿಲ್ಲ. ಬೇರೆ ಕೆಲವು ಕ್ಯಾನ್ಸರುಗಳಲ್ಲಿ ನೆರವಿಗೆ ಬರುವ, ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಕೂಡ ಇಲ್ಲಿ ಆ ಕೆಲಸ ಮಾಡುವುದಿಲ್ಲ.

ಜೀನ್ ಪರೀಕ್ಷೆಗಳು ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ಮಟ್ಟಿಗೆ ಉತ್ತರ ಕೊಡಬಲ್ಲವು. ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ವಿಎಚ್‌ಎಲ್ ಎಂಬ ಜೀನ್ ಕೆಟ್ಟಿರುವುದು ಎಷ್ಟು ಸಾಮಾನ್ಯವೆಂದರೆ, ರೋಗ ಹೇಗೆ ಹುಟ್ಟುತ್ತದೆಂದು ತಿಳಿಯಲು ಅದು ಅತ್ಯಮೂಲ್ಯವಾಗಿದ್ದರೂ ಭವಿಷ್ಯ ಹೇಳಲು ಕೆಲಸಕ್ಕೆ ಬಾರದು; ಹೆಚ್ಚುಕಡಿಮೆ ಎಲ್ಲರಲ್ಲೂ ಇರುವ ಗುರುತು ಯಾರನ್ನೂ ಬೇರ್ಪಡಿಸುವುದಿಲ್ಲ. ಅದರ ನೆರೆಯಲ್ಲೇ, ಮೂರನೆಯ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿಯೇ ಇರುವ ಬಿಎಪಿ1 ಜೀನ್ ಕೆಟ್ಟಿದ್ದರೆ ರೋಗ ಉಗ್ರವಾಗಿರುವ ಸಂಭವ ಹೆಚ್ಚು. 16 ಜೀನುಗಳ ಚಟುವಟಿಕೆಯನ್ನು ಅಳೆದು ಮರಳುವ ಅಪಾಯಕ್ಕೆ ಅಂಕ ಕೊಡುವ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಗಿ, ಆಮೇಲೆ ಬೇರೆ ರೋಗಿಗಳಲ್ಲಿಯೂ ತಾಳೆಯಾಯಿತು. ಆದರೆ ಯಾರಿಗೆ ಔಷಧಿಯಿಂದ ಉಪಯೋಗವೆಂಬುದನ್ನು ಅದು ಬೇರ್ಪಡಿಸಿ ತೋರಿಸಲಿಲ್ಲ.

ಇನ್ನೊಂದು ತೊಡಕು ಗಡ್ಡೆಯೊಳಗೇ ಇದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಕಿಡ್ನಿ ಗಡ್ಡೆಯ ಬೇರೆ ಬೇರೆ ಮೂಲೆಗಳಿಂದ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ, ಕಂಡುಬಂದ ಜೀನ್ ಬದಲಾವಣೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಲ್ಲ ಚೂರುಗಳಲ್ಲಿಯೂ ಇರಲಿಲ್ಲ. ಒಂದು ಚೂರು ಸೌಮ್ಯವೆಂದು ಹೇಳಿದರೆ ಎರಡು ಅಂಗುಲದಾಚೆಯ ಚೂರು ಉಗ್ರವೆಂದು ಹೇಳಬಹುದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ಕ್ರಮ ಈ ಗಡ್ಡೆಗೆ ಒಗ್ಗುವುದಿಲ್ಲ.

ಆದ್ದರಿಂದ ಜೀನ್ ಪರೀಕ್ಷೆಗಾಗಿ ಕಾಯುತ್ತಾ ಕೂರಬೇಡಿ. ಕೀನೋಟ್-564 ಪ್ರಯೋಗದಲ್ಲಿ ರೋಗಿಗಳನ್ನು ಸೇರಿಸಿಕೊಂಡದ್ದು ಶಸ್ತ್ರಚಿಕಿತ್ಸೆಯಾದ 12 ವಾರಗಳೊಳಗೆ. ನಿಮಗೆ ಯೋಚಿಸಲು ಇನ್ನೂ ಕೆಲವು ವಾರಗಳಿವೆ, ತಿಂಗಳುಗಳಿಲ್ಲ. ನಿಮ್ಮ ಹಂತ, ಗ್ರೇಡ್, ವಯಸ್ಸು, ಸಂಧಿವಾತದಂಥ ರೋಗನಿರೋಧಕ ವ್ಯವಸ್ಥೆಯ ತೊಂದರೆಗಳು ಮೊದಲೇ ಇವೆಯೇ ಎಂಬುದು, ಇವುಗಳನ್ನೆಲ್ಲ ಮುಂದಿಟ್ಟುಕೊಂಡು ನಿಮ್ಮ ವೈದ್ಯರಲ್ಲಿ ನೇರವಾಗಿ ಕೇಳಿ: ನನ್ನಂಥ ನೂರು ಜನರಲ್ಲಿ ಔಷಧಿಯಿಲ್ಲದೆ ಎಷ್ಟು ಮಂದಿಗೆ ಮರಳುತ್ತದೆ, ಔಷಧಿಯಿಂದ ಎಷ್ಟು ಮಂದಿಗೆ ತಪ್ಪುತ್ತದೆ? ಭಯವಿದೆ ಎಂಬುದನ್ನೂ ಮುಚ್ಚಿಡಬೇಡಿ. ಬೇಡವೆಂದು ತೀರ್ಮಾನಿಸಿ ಸ್ಕ್ಯಾನುಗಳನ್ನು ಕಟ್ಟುನಿಟ್ಟಾಗಿ ಮಾಡಿಸಿಕೊಳ್ಳುವುದೂ ವಿವೇಕದ ಆಯ್ಕೆಯೇ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಾಗಿ ಈ ತಿಂಗಳಿಗೆ ಐದು ವರ್ಷ ತುಂಬಿತು. ಈಚೆಗೆ ರಕ್ತದಲ್ಲಿ ಸಿಆರ್‌ಪಿ ಸ್ವಲ್ಪ ಹೆಚ್ಚಾಗಿದೆ; ಕ್ಯಾನ್ಸರ್ ಮರಳಿತೆಂದು ಅರ್ಥವೇ? ಸ್ಕ್ಯಾನ್ ಚೆನ್ನಾಗಿದ್ದರೆ ಹಳೆಯ ಕಡತಗಳನ್ನು ವಿಲೇವಾರಿ ಮಾಡಬಹುದೇ?

ಉತ್ತರ: ಸಿಆರ್‌ಪಿ ಉರಿಯೂತದ ಗುರುತು. ಕಿಡ್ನಿ ಕ್ಯಾನ್ಸರಿನಲ್ಲಿ ಅದು ಏರಿದ್ದರೆ ಮುನ್ನೋಟ ಅಷ್ಟು ಒಳ್ಳೆಯದಲ್ಲವೆಂದು ಹಲವು ಅಧ್ಯಯನಗಳು ತೋರಿಸಿರುವುದು ನಿಜ, ಆದರೆ ಹಲ್ಲಿನ ಸೋಂಕಿಗೂ ಅದು ಏರುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಏರುತ್ತಲೇ ಇದ್ದರೆ, ಇಲ್ಲವೇ ತೂಕ ಇಳಿಯುತ್ತಿದ್ದರೆ, ವಾಸಿಯಾಗದ ಕೆಮ್ಮು ಅಥವಾ ಮೂಳೆನೋವು ಇದ್ದರೆ, ಕಾಯದೆ ವೈದ್ಯರನ್ನು ಕಾಣಿ.

ಐದು ವರ್ಷ ದಾಟಿದ್ದು ಸಂತೋಷದ ವಿಷಯ, ಏಕೆಂದರೆ ಮರಳುವ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲ ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಆದರೆ ಹತ್ತು ವರ್ಷ ಸುಮ್ಮನಿದ್ದು ಆಮೇಲೆ ತಲೆಯೆತ್ತುವ ಸ್ವಭಾವವೂ ಈ ಕ್ಯಾನ್ಸರಿಗೆ ಇದೆ. ಮುಂದಿನ ಸ್ಕ್ಯಾನುಗಳ ಅಂತರವನ್ನು ನಿಮ್ಮ ಮೂಲ ಅಪಾಯದ ಗುಂಪನ್ನು ನೋಡಿ ವೈದ್ಯರು ಹೇಳಲಿ.

ಕಡತಗಳನ್ನು ಮಾತ್ರ ಬಿಸಾಡಬೇಡಿ. ಪೆಥಾಲಜಿ ವರದಿಯ ಮೇಲ್ಭಾಗದಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. ನಿಮ್ಮ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಅಚ್ಚು ಹಾಕಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಲಾಕುಗಳಾಗಿ ಮಾಡಿ, ಅದೇ ಸಂಖ್ಯೆಯಡಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಗಾಜಿನ ಸ್ಲೈಡುಗಳು ಆ ಬ್ಲಾಕಿನಿಂದ ಕೊಯ್ದ ತೆಳುಪದರಗಳಷ್ಟೇ. ಮುಂದೆಂದಾದರೂ ಜೀನ್ ಪರೀಕ್ಷೆಯೋ ಹೊಸ ಸೂಚಕವೋ ಬೇಕಾದರೆ ಸಾಮಾನ್ಯವಾಗಿ ಕೇಳುವುದು ಬ್ಲಾಕನ್ನು. ಅದನ್ನು ಎಷ್ಟು ವರ್ಷ ಇಡುತ್ತಾರೆಂಬುದು ಒಂದೊಂದು ಕಡೆ ಒಂದೊಂದು ರೀತಿ. ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಆ ಕ್ರಮಸಂಖ್ಯೆಯನ್ನೂ ಶಸ್ತ್ರಚಿಕಿತ್ಸೆಯ ದಿನಾಂಕವನ್ನೂ ಬರೆದು, ಬ್ಲಾಕ್ ಇನ್ನೂ ಇದೆಯೇ, ವಿಲೇವಾರಿ ಮಾಡುವ ಮೊದಲು ನನಗೆ ಕೊಡುತ್ತೀರಾ ಎಂದು ಒಂದು ಅರ್ಜಿ ಕೊಡಿ. ಕೈಗೆ ಬಂದರೆ ಬಿಸಿಲು, ಸೆಕೆ ತಾಗದ ಕಡೆ ಇಡಿ, ಮೇಣ ಕರಗಬಾರದು.